ಸಹಿಯ ನಂತರದ ಕೆಲಸ ಯಾರದು?

ಮುಕ್ತ ವ್ಯಾಪಾರ ಒಪ್ಪಂದಗಳ ವಿಷಯದಲ್ಲಿ ನಮ್ಮ ದೇಶ ಈಚಿನ ವರ್ಷಗಳಲ್ಲಿ ತೋರುತ್ತಿರುವ ಆತುರ ಹಿಂದೆಂದೂ ಕಂಡಿರದಂಥದ್ದು. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಕೂಟಕ್ಕೆ ಸೇರುವುದಿಲ್ಲವೆಂದು ಹೇಳಿ ಹೊರಬಂದ ಭಾರತವೇ, 2022ರ ಮೇ ತಿಂಗಳಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಗಿನ ಒಪ್ಪಂದವನ್ನು ಜಾರಿಗೆ ತಂದಿತು. ಅದರ ಮಾತುಕತೆ ಮುಗಿದದ್ದು ಕೇವಲ 88 ದಿನಗಳಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸರದಿ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ದೇಶಗಳ ಕೂಟದೊಂದಿಗಿನ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಯಾಯಿತು. ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು.

ಸಹಿ ಬಿದ್ದ ಮರುದಿನ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ. ಯಾರಿಗೆ ಲಾಭ, ಯಾರಿಗೆ ನಷ್ಟ, ಹಾಲು ಉತ್ಪಾದಕರ ಗತಿಯೇನು, ವಿಸ್ಕಿಯ ಬೆಲೆ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗಳು ಏಳುತ್ತವೆ. ಇವೆಲ್ಲ ಅಗತ್ಯವಾದ ಪ್ರಶ್ನೆಗಳೇ. ಆದರೆ ಒಪ್ಪಂದ ಕೊಟ್ಟ ಸುಂಕ ವಿನಾಯಿತಿಯನ್ನು ನಮ್ಮವರು ನಿಜವಾಗಿ ಪಡೆದುಕೊಳ್ಳುತ್ತಾರೆಯೇ ಎಂದು ಕೇಳುವವರು ವಿರಳ. 2010ರ ದಶಕದ ಕೊನೆಯಲ್ಲಿ ನೀತಿ ಆಯೋಗದ ಟಿಪ್ಪಣಿಯೊಂದು, ಭಾರತೀಯ ರಫ್ತುದಾರರು ಇಂತಹ ಒಪ್ಪಂದಗಳನ್ನು ಬಳಸಿಕೊಳ್ಳುವ ಪ್ರಮಾಣ ಶೇ 5ರಿಂದ 25ರ ನಡುವೆ ಇದೆಯೆಂದು ಹೇಳಿತ್ತು. ಅಂದರೆ ವರ್ಷಗಟ್ಟಲೆ ಚೌಕಾಸಿ ಮಾಡಿ ಗಳಿಸಿದ ರಿಯಾಯಿತಿಯ ದೊಡ್ಡ ಪಾಲು ಕಾಗದದಲ್ಲೇ ಉಳಿದಿತ್ತು.

ಪೀಣ್ಯದ ಸಣ್ಣ ಘಟಕಗಳಿಗೆ ರಫ್ತಿನ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಹಲವು ವರ್ಷ ಮಾಡಿದ ನನಗೆ ಈ ಅಂಕಿ ಆಶ್ಚರ್ಯ ತರಲಿಲ್ಲ. ಏಕೆಂಬುದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಹಿತ್ತಾಳೆಯ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಬ್ಬ ಉದ್ಯಮಿ ತನ್ನ ಸರಕನ್ನು ದಕ್ಷಿಣ ಕೊರಿಯಾಕ್ಕೆ ಕಳುಹಿಸುತ್ತಾನೆ ಎಂದುಕೊಳ್ಳೋಣ. ಆ ದೇಶದೊಡನೆ ನಮಗೆ 2010ರ ಜನವರಿಯಿಂದಲೂ ಒಪ್ಪಂದವಿದೆ. ಕೊರಿಯಾದಲ್ಲಿ ಬಹುತೇಕ ಕೈಗಾರಿಕಾ ವಸ್ತುಗಳ ಮೇಲಿನ ಸಾಮಾನ್ಯ ಆಮದು ಸುಂಕ ಶೇ 8. ರಿಯಾಯಿತಿ ಬೇಕಾದರೆ ಆ ಬಿಡಿಭಾಗ ‘ಭಾರತದ್ದು’ ಎಂದು ಸಾಬೀತಾಗಬೇಕು. ಪೀಣ್ಯದಲ್ಲಿ ತಯಾರಾಯಿತು ಎಂದಷ್ಟೇ ಹೇಳಿದರೆ ಸಾಲದು. ಒಪ್ಪಂದದ ಸಾಮಾನ್ಯ ನಿಯಮದ ಪ್ರಕಾರ ಎರಡು ಪರೀಕ್ಷೆಗಳನ್ನು ದಾಟಬೇಕು. ಹೊರದೇಶದಿಂದ ಬಂದ ಕಚ್ಚಾವಸ್ತುವಿನ ಆರಂಕಿಯ ಸುಂಕ ಸಂಕೇತವೂ ಸಿದ್ಧವಸ್ತುವಿನ ಸಂಕೇತವೂ ಬೇರೆಯಾಗಿರಬೇಕು ಎಂಬುದು ಮೊದಲನೆಯದು. ಹಿತ್ತಾಳೆ ಸರಳಿನ ಸಂಕೇತ 7407.21, ವಾಲ್ವ್ ಬಿಡಿಭಾಗದ್ದು 8481.90, ಇಲ್ಲಿ ತೊಂದರೆಯಿಲ್ಲ. ಎರಡನೆಯದು, ರಫ್ತು ಬೆಲೆಯಲ್ಲಿ ಕನಿಷ್ಠ ಶೇ 35ರಷ್ಟು ಇಲ್ಲಿನ ಮೌಲ್ಯವಾಗಿರಬೇಕು.

ತೊಡಕು ಇರುವುದು ಈ ಎರಡನೆಯದರಲ್ಲಿ. ಬಿಡಿಭಾಗದ ಬೆಲೆ 100 ರೂಪಾಯಿ, ಅದರಲ್ಲಿ ವಿದೇಶಿ ಹಿತ್ತಾಳೆ 60 ರೂಪಾಯಿಯದು ಎಂದಿಟ್ಟುಕೊಂಡರೆ ನಮ್ಮ ಪಾಲು 40, ಸರಕು ಪಾಸು. ಆರು ತಿಂಗಳ ನಂತರ ಲಂಡನ್ ಲೋಹ ಮಾರುಕಟ್ಟೆಯಲ್ಲಿ ತಾಮ್ರದ ಬೆಲೆ ಏರಿ ಅದೇ ಹಿತ್ತಾಳೆಗೆ 68 ರೂಪಾಯಿ ತೆರಬೇಕಾಯಿತು, ಕೊಳ್ಳುವವನು ಮಾತ್ರ ಹಳೆಯ ಬೆಲೆಯನ್ನೇ ಕೊಡುತ್ತಾನೆ ಎಂದಾದರೆ ನಮ್ಮ ಪಾಲು 32ಕ್ಕೆ ಇಳಿಯಿತು. ಅದೇ ಯಂತ್ರ, ಅದೇ ಕೆಲಸಗಾರ, ಅದೇ ಬಿಡಿಭಾಗ. ಆದರೆ ಕಾನೂನಿನ ಕಣ್ಣಿಗೆ ಅದೀಗ ಭಾರತದ್ದಲ್ಲ. ಈ ಲೆಕ್ಕವನ್ನು ಪ್ರತಿ ಸರಕಿಗೂ ಇಡಬೇಕು, ಆಧಾರಗಳನ್ನು ವರ್ಷಗಳ ಕಾಲ ಕಾಪಾಡಿಕೊಳ್ಳಬೇಕು. ಹದಿನೈದು ಜನರ ಘಟಕದಲ್ಲಿ ಲೆಕ್ಕಿಗನು ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸಲು ಬಂದುಹೋಗುತ್ತಾನೆ. ಯಾವ ಬಿಡಿಭಾಗಕ್ಕೆ ಎಷ್ಟು ವೆಚ್ಚವಾಯಿತೆಂಬುದು ಮಾಲೀಕನ ತಲೆಯಲ್ಲಿರುತ್ತದೆ, ಪುಸ್ತಕದಲ್ಲಿರುವುದಿಲ್ಲ. ಸರಳು ಮಾರಿದ ವ್ಯಾಪಾರಿಯನ್ನು ಅದು ಜಾಮ್‌ನಗರದ್ದೋ ವಿದೇಶದ್ದೋ ಎಂದು ಬರೆದುಕೊಡಲು ಕೇಳಿದರೆ, ಮುಂದಿನ ಬಾರಿ ಬೇರೆ ಅಂಗಡಿ ನೋಡಿಕೊಳ್ಳಿ ಎಂಬ ಉತ್ತರ ಬರುತ್ತದೆ.

ಇದರ ಮೇಲೆ ಒಂದೊಂದು ಒಪ್ಪಂದಕ್ಕೆ ಒಂದೊಂದು ನಿಯಮ. ಆಸಿಯಾನ್‌ನೊಂದಿಗೆ ಶೇ 35. ಆಸ್ಟ್ರೇಲಿಯಾದೊಂದಿಗೆ ಒಂದು ವಿಧಾನದಲ್ಲಿ ಲೆಕ್ಕ ಹಾಕಿದರೆ ಶೇ 35, ಇನ್ನೊಂದರಲ್ಲಿ ಶೇ 45. ಕೆಲವು ವಸ್ತುಗಳಿಗೆ ಪ್ರತ್ಯೇಕ ಷರತ್ತು. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1995ರಲ್ಲೇ ಇಂತಹ ಗೋಜಲನ್ನು ಸ್ಪಗೆಟ್ಟಿ ಬಟ್ಟಲಿಗೆ ಹೋಲಿಸಿದ್ದರು. ನಾವು ಶಾವಿಗೆ ಎಂದುಕೊಳ್ಳಬಹುದು. ಆದರೆ ಶಾವಿಗೆಯನ್ನು ಕೈಯಿಂದ ತಿನ್ನುವವನ ಪಾಡು ಇನ್ನೂ ಕಷ್ಟದ್ದು.

ನನ್ನ ಗಿರಾಕಿಯೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಸಾರ್, ಎಂಟು ಪರ್ಸೆಂಟು ಉಳಿಯೋದು ಕೊಳ್ಳೋನಿಗೆ. ನಾನ್ಯಾಕೆ ಇಷ್ಟೆಲ್ಲಾ ಒದ್ದಾಡಲಿ?” ಎಂದಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಸುಂಕ ಕಟ್ಟುವವನು ಆಮದುದಾರ, ಪುರಾವೆ ಒದಗಿಸುವವನು ರಫ್ತುದಾರ. ಆ ಎಂಟರಲ್ಲಿ ಮೂರನ್ನೋ ನಾಲ್ಕನ್ನೋ ಬೆಲೆಯಲ್ಲಿ ಕೇಳಿ ಪಡೆಯಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದೊಡ್ಡ ಕಂಪನಿಗಳಿಗೆ ಇದನ್ನು ಹೇಳಲು ತೆರಿಗೆ ವಿಭಾಗವಿದೆ, ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ಸಲಹಾ ಸಂಸ್ಥೆಗಳಿವೆ. ಹೀಗಾಗಿ ಎಲ್ಲರ ಹೆಸರಿನಲ್ಲಿ ಆದ ಒಪ್ಪಂದ ಕೆಲವರ ಸೌಲಭ್ಯವಾಗಿ ಮುಗಿಯುತ್ತದೆ.

ಈಗ ಈ ಸಮಸ್ಯೆಗೆ ಹೊಸ ಮಗ್ಗುಲೊಂದು ಸೇರಿದೆ. ಹಿಂದಿನ ಒಪ್ಪಂದಗಳಲ್ಲಿ ರಫ್ತು ತಪಾಸಣಾ ಮಂಡಳಿಯಂತಹ ಸರ್ಕಾರಿ ಸಂಸ್ಥೆ ಅರ್ಜಿ ನೋಡಿ ಮೂಲ ಪ್ರಮಾಣಪತ್ರಕ್ಕೆ ಮೊಹರು ಒತ್ತುತ್ತಿತ್ತು. ಸ್ವಿಟ್ಜರ್ಲೆಂಡ್ ಕೂಟದ ಹಾಗೂ ಬ್ರಿಟನ್ನಿನ ಒಪ್ಪಂದಗಳಲ್ಲಿ ರಫ್ತುದಾರನೇ ಸ್ವಯಂ ಘೋಷಣೆ ಮಾಡಿಕೊಳ್ಳಲು ಅವಕಾಶವಿದೆ. ಕಚೇರಿ ಅಲೆದಾಟ ತಪ್ಪಿತೆಂದು ಇದನ್ನು ಸ್ವಾಗತಿಸಲಾಗಿದೆ, ನಾನೂ ಸ್ವಾಗತಿಸುತ್ತೇನೆ. ಆದರೆ ಮೊಹರು ಹೋದಾಗ ಅದರೊಂದಿಗಿದ್ದ ರಕ್ಷಣೆಯೂ ಹೋಗುತ್ತದೆ. ನಾಳೆ ಬ್ರಿಟನ್ನಿನ ಸುಂಕ ಅಧಿಕಾರಿಗಳು ಹಳೆಯ ಸರಕೊಂದರ ಪುರಾವೆ ಕೇಳಿದರೆ ಉತ್ತರಿಸಬೇಕಾದವನು ತಿರುಪ್ಪೂರಿನ ಅಥವಾ ಬೆಂಗಳೂರಿನ ಉಡುಪು ತಯಾರಕ. ಉತ್ತರ ಸಾಲದಾದರೆ ಕೊಂಡವನ ಮೇಲೆ ಬಾಕಿ ಸುಂಕ ಬೀಳುತ್ತದೆ. ಆ ಕೊಂಡವನು ಮತ್ತೆ ಇಲ್ಲಿಗೆ ಬರುವುದಿಲ್ಲ.

ಆಮದಿನ ಕಡೆಯಿಂದ ನೋಡಿದರೂ ಆಡಳಿತದ ದೌರ್ಬಲ್ಯಕ್ಕೆ ಬೆಲೆ ತೆತ್ತವರು ಸಣ್ಣವರೇ. ಶ್ರೀಲಂಕಾದೊಂದಿಗಿನ ನಮ್ಮ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಮೊದಲ ವರ್ಷಗಳಲ್ಲೇ ವನಸ್ಪತಿ ಮತ್ತು ತಾಮ್ರ ಆ ದಾರಿಯಲ್ಲಿ ಹರಿದುಬಂದವು. ತಾಳೆ ಎಣ್ಣೆಗೆ ಇಲ್ಲಿ ಸುಂಕ ಹೆಚ್ಚು, ಅಲ್ಲಿ ಕಡಿಮೆ. ಭಾರತೀಯ ಬಂಡವಾಳವೇ ಅಲ್ಲಿ ಹೋಗಿ ಕಾರ್ಖಾನೆ ಹಾಕಿತು. ಆಮೇಲೆ ಕಾಳುಮೆಣಸಿನ ಸರದಿ. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಬರುತ್ತಿದೆಯೆಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. ಮೆಣಸಿನ ಕಾಳಿನ ಮೇಲೆ ಹುಟ್ಟೂರು ಬರೆದಿರುವುದಿಲ್ಲವಲ್ಲ! ಬಂದರಿನ ಅಧಿಕಾರಿಯ ಕೈಯಲ್ಲಿದ್ದದ್ದು ಕೊಲಂಬೊದಲ್ಲಿ ಕೊಟ್ಟ ಪ್ರಮಾಣಪತ್ರ ಮಾತ್ರ. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು, 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಅಗ್ಗದ ಮೆಣಸಿನ ಆಮದನ್ನೇ ನಿಷೇಧಿಸಿತು. ಮೂಲವನ್ನು ಪರಿಶೀಲಿಸುವ ಶಕ್ತಿ ಇಲ್ಲದಿದ್ದಾಗ ಬೆಲೆಯ ಬೇಲಿ ಹಾಕಿದ ಕ್ರಮವಿದು.

2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ‘ಕಾರೋಟಾರ್’ ನಿಯಮಗಳು ಆಮದುದಾರನ ಮೇಲೆಯೇ ಹೊಣೆ ಹೊರಿಸಿದವು. ಸರಕು ಅದೇ ದೇಶದ್ದೆಂಬುದಕ್ಕೆ ಮಾಹಿತಿ ಇಟ್ಟುಕೊಳ್ಳಬೇಕು, ಐದು ವರ್ಷ ಕಾಪಾಡಬೇಕು. ಉದ್ದೇಶ ಸರಿಯಾದದ್ದೇ. ಆದರೆ ಮೆಣಸಿನ ದೊಡ್ಡ ಆಮದುದಾರನಿಗೂ, ಒಂದು ಯಂತ್ರದ ಬಿಡಿಭಾಗ ತರಿಸಿಕೊಳ್ಳುವ ರಾಜಾಜಿನಗರದ ಚಿಕ್ಕ ವರ್ಕ್‌ಶಾಪಿಗೂ ಒಂದೇ ನಮೂನೆ. ವರ್ಕ್‌ಶಾಪಿನವನು ನಮೂನೆ ನೋಡಿ ರಿಯಾಯಿತಿಯೇ ಬೇಡವೆಂದು ಪೂರ್ಣ ಸುಂಕ ಕಟ್ಟುತ್ತಾನೆ.

ದಕ್ಷಿಣ ಕೊರಿಯಾ ಈ ಕೆಲಸವನ್ನು ಹೇಗೆ ಮಾಡಿತು ಎಂಬುದನ್ನು ಗಮನಿಸಬೇಕು. 2003ರಲ್ಲಿ ಆ ದೇಶ ಮುಕ್ತ ವ್ಯಾಪಾರಕ್ಕೆ ರಾಷ್ಟ್ರೀಯ ಮಾರ್ಗಸೂಚಿಯೊಂದನ್ನು ರೂಪಿಸಿತು. 2004ರ ಏಪ್ರಿಲ್‌ನಲ್ಲಿ ಚಿಲಿಯೊಂದಿಗೆ ಮೊದಲ ಒಪ್ಪಂದ ಜಾರಿಯಾಯಿತು. ದ್ರಾಕ್ಷಿ ಬೆಳೆಗಾರರು ಬೀದಿಗಿಳಿದಿದ್ದರು, ಅವರಿಗೆ ಪರಿಹಾರ ನಿಧಿ ಮಾಡಬೇಕಾಯಿತು. ನಿಜವಾದ ಆಡಳಿತ ಪರೀಕ್ಷೆ ಎದುರಾದದ್ದು 2011ರ ಜುಲೈನಲ್ಲಿ, ಐರೋಪ್ಯ ಒಕ್ಕೂಟದ ಒಪ್ಪಂದ ಬಂದಾಗ. 6,000 ಯೂರೊ ಮೀರಿದ ಸರಕಿಗೆ ರಿಯಾಯಿತಿ ಬೇಕಾದರೆ ಸುಂಕ ಇಲಾಖೆಯಿಂದ ‘ಮಾನ್ಯ ರಫ್ತುದಾರ’ ಎಂಬ ಮನ್ನಣೆ ಪಡೆದಿರಲೇಬೇಕಿತ್ತು. ಸಾವಿರಾರು ಸಣ್ಣ ಕಾರ್ಖಾನೆಗಳಿಗೆ ಆ ಮನ್ನಣೆ ಎಂದರೇನೆಂದೇ ತಿಳಿದಿರಲಿಲ್ಲ.

ಆಗ ಅಲ್ಲಿನ ಸರ್ಕಾರ ಸುತ್ತೋಲೆ ಹೊರಡಿಸಿ ಸುಮ್ಮನಾಗಲಿಲ್ಲ. ಪರವಾನಗಿ ಪಡೆದ ಸುಂಕ ದಳ್ಳಾಳಿಗಳನ್ನು ಸರ್ಕಾರದ ಖರ್ಚಿನಲ್ಲಿ ಸಣ್ಣ ಕಾರ್ಖಾನೆಗಳಿಗೆ ಕಳುಹಿಸಿತು. ಅವರು ಅಲ್ಲೇ ಕುಳಿತು ಕಚ್ಚಾವಸ್ತುಗಳ ಪಟ್ಟಿ ಮಾಡಿ, ಸಂಕೇತ ಹಚ್ಚಿ, ಲೆಕ್ಕ ಕಲಿಸಿದರು. ಮೂಲವನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿತು. 2012ರಲ್ಲಿ ಅಲ್ಲಿನ ವ್ಯಾಪಾರ ಸಂಘದ ಕಚೇರಿಯಲ್ಲಿ ಸಮಗ್ರ ನೆರವು ಕೇಂದ್ರ ತೆರೆಯಿತು. 1380 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಮಾತಾಡಲು ಜನರಿದ್ದರು. ‘ಮೂಲ ನಿರ್ವಾಹಕ’ ಎಂಬ ವೃತ್ತಿ ಅರ್ಹತೆಯನ್ನೇ ಹುಟ್ಟುಹಾಕಿ ಪರೀಕ್ಷೆ ನಡೆಸಿದರು. ಇದರಲ್ಲಿ ದೊಡ್ಡ ಬುದ್ಧಿವಂತಿಕೆಯೇನೂ ಇಲ್ಲ. ಒಪ್ಪಂದದ ಖರ್ಚಿನಲ್ಲಿ ಅದನ್ನು ಜನಕ್ಕೆ ತಲುಪಿಸುವ ಖರ್ಚನ್ನೂ ಸೇರಿಸಿಕೊಂಡರು, ಅಷ್ಟೆ. ಕೊರಿಯಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಬೆಳೆದದ್ದಕ್ಕೆ ಬೇರೆ ಕಾರಣಗಳೂ ಇವೆ, ಅಲ್ಲಿನ ಕಾರ್ಖಾನೆಗಳ ಬಲ ಅದರಲ್ಲಿ ಮುಖ್ಯ. ಆದರೂ ಒಂದೇ ಒಪ್ಪಂದವನ್ನು ಒಂದು ಕಡೆಯವರು ಪಾಠವಾಗಿ ಓದಿದರು, ಇನ್ನೊಂದು ಕಡೆಯವರು ಸುದ್ದಿಯಾಗಿ ಓದಿದರು ಎಂಬುದು ಸುಳ್ಳಲ್ಲ.

ನಮ್ಮಲ್ಲಿ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. 2011ರಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊಸ ರಫ್ತುದಾರರಿಗೆ ಮಾರ್ಗದರ್ಶನ ನೀಡಲು ‘ನಿರ್ಯಾತ್ ಬಂಧು’ ಯೋಜನೆ ಆರಂಭಿಸಿತು. 2019ರಲ್ಲಿ ಪ್ರತಿ ಜಿಲ್ಲೆಯೂ ರಫ್ತು ಕೇಂದ್ರವಾಗಬೇಕೆಂದು ಪ್ರಧಾನಿ ಕೆಂಪುಕೋಟೆಯಿಂದ ಹೇಳಿದ ಮೇಲೆ ಜಿಲ್ಲಾ ರಫ್ತು ಉತ್ತೇಜನ ಸಮಿತಿಗಳು ರಚನೆಯಾದವು. ಮೂಲ ಪ್ರಮಾಣಪತ್ರದ ಅರ್ಜಿ ಅಂತರ್ಜಾಲಕ್ಕೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ‘ಟ್ರೇಡ್ ಕನೆಕ್ಟ್’ ಜಾಲತಾಣ ಬಂತು. ಇದಕ್ಕೂ ಮೊದಲು, 2022ರಲ್ಲಿ, ಖಾಸಗಿ ಸಲಹಾ ಸಂಸ್ಥೆಯ ನೆರವಿನಿಂದ ವಾಣಿಜ್ಯ ಇಲಾಖೆಯನ್ನೇ ಪುನಾರಚಿಸುವ ಯೋಜನೆ ಸಿದ್ಧವಾಗಿತ್ತು.

ಜಾಲತಾಣಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜಾಲತಾಣವು ನಿಯಮವನ್ನು ತೋರಿಸುತ್ತದೆಯೇ ಹೊರತು ನನ್ನ ಗಿರಾಕಿಯ ಬಿಲ್ಲುಗಳನ್ನು ಜೋಡಿಸಿ ನಿಮ್ಮದು ಶೇ 37, ಅಂಚಿನಲ್ಲಿದ್ದೀರಿ, ಹುಷಾರು ಎಂದು ಹೇಳುವುದಿಲ್ಲ. ಸಲಹೆಗೆ ಹಣವಿದ್ದದ್ದು ದೆಹಲಿಯಲ್ಲಿ, ಇಲಾಖೆಯ ನಕ್ಷೆ ಬರೆಯಲು. ಸಲಹೆ ಬೇಕಾಗಿದ್ದದ್ದು ಪೀಣ್ಯದಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ, ಅದೂ ಕನ್ನಡದಲ್ಲಿ.

ಹೆಚ್ಚಿನದೇನೂ ಬೇಕಿಲ್ಲ. ರಫ್ತಿಗೆ ರಾಜ್ಯದ ನೋಡಲ್ ಸಂಸ್ಥೆಯಾಗಿ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವಿದೆ, ಪ್ರತಿ ಜಿಲ್ಲೆಯಲ್ಲೂ ಕೈಗಾರಿಕಾ ಕೇಂದ್ರವಿದೆ. ರಫ್ತು ನಡೆಯುವ ಹತ್ತೋ ಹನ್ನೆರಡೋ ಜಿಲ್ಲೆಗಳಲ್ಲಿ ವೆಚ್ಚ ಲೆಕ್ಕ ಬಲ್ಲ ಒಬ್ಬರನ್ನೂ ಸುಂಕ ಸಂಕೇತ ಬಲ್ಲ ಒಬ್ಬರನ್ನೂ ಕೂರಿಸಿ, ವಾರಕ್ಕೆರಡು ದಿನ ಘಟಕಗಳಿಗೆ ಹೋಗಿಬರುವ ಹೊಣೆ ಕೊಟ್ಟರೆ ಆರಂಭಕ್ಕೆ ಸಾಕು. ಮೊದಲ ಲೆಕ್ಕವನ್ನು ಅವರೇ ಮಾಡಿಕೊಡಲಿ, ಎರಡನೆಯದನ್ನು ಮಾಲೀಕ ಅವರೆದುರು ಮಾಡಲಿ. ಸ್ವಯಂ ಘೋಷಣೆ ಮಾಡಿಕೊಳ್ಳುವವನಿಗೆ ಮುಂಚಿತವಾಗಿ ಲಿಖಿತ ಅಭಿಪ್ರಾಯ ಸಿಗುವಂತಾಗಲಿ. ಅದು ತಪ್ಪಾಗಿದ್ದರೆ ದಂಡದಲ್ಲಿ ಸರ್ಕಾರಕ್ಕೂ ಪಾಲಿರಲಿ. ಈ ಕೊನೆಯ ಮಾತನ್ನು ಯಾವ ಇಲಾಖೆಯೂ ಸುಲಭವಾಗಿ ಒಪ್ಪುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ಅದಿಲ್ಲದೆ ಸಲಹೆ ಕೊಡುವವನು ಕಾಯಿದೆಯ ಪುಟವನ್ನು ಓದಿ ಹೇಳುತ್ತಾನೆಯೇ ಹೊರತು ನಿಮ್ಮ ಸರಕು ಪಾಸು ಎಂದು ಬರೆದುಕೊಡುವುದಿಲ್ಲ. ಹದಿನೈದು ಜನರ ಘಟಕದ ಮಾಲೀಕನಿಗೆ ಬೇಕಿರುವುದು ಆ ಒಂದು ಸಾಲು.