ಬನವಾಸಿಯ ಬಂಕೆಯ: ರಾಷ್ಟ್ರಕೂಟ ಪ್ರಾಂತಾಧಿಕಾರದ ಸ್ವರೂಪ

ಶಾಸನೋಕ್ತ ಪ್ರಾಂತಾಧಿಕಾರಿಗಳನ್ನು ‘ಗವರ್ನರ್’ ಎಂದು ಕರೆಯುವ ರೂಢಿ ವಸಾಹತುಕಾಲದ ಇತಿಹಾಸಕಾರರಿಂದ ಬಂದುದು. ಆದರೆ ಈ ಪದವು ಸೂಚಿಸುವ ವೇತನ, ವರ್ಗಾವಣೆ, ನಿಗದಿತ ಅವಧಿಗಳು ಮಧ್ಯಕಾಲೀನ ಕರ್ನಾಟಕದ ಅಧಿಕಾರಿಗೆ ಅನ್ವಯಿಸುವುದಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814-878) ಕಾಲದಲ್ಲಿ ಬನವಾಸಿಯನ್ನು ಆಳಿದ ಬಂಕೆಯನ ವೃತ್ತಾಂತ ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ಬಂಕಾಪುರದ ಸಮೀಪದ ನಿಡಗುಂದಿ ಶಾಸನದ ಪ್ರಕಾರ ಬಂಕೆಯರಸನ ಆಳ್ವಿಕೆಗೆ ಬನವಾಸಿ 12000, ಬೆಳ್ಗಲಿ 300, ಕುಂದರಗೆ 70, ಕುಂದೂರು 500 ಹಾಗೂ ಪುರಿಗೆರೆ 300 ಒಳಪಟ್ಟಿದ್ದವು. ಅದೇ ಶಾಸನದಲ್ಲಿ ಅವನ ಮಗ ಕುಂದಟ್ಟೆಯು ನಿಡುಗುಂದಗೆ 12ನ್ನು ಆಳುತ್ತಿದ್ದನೆಂದಿದೆ. ಅಂದರೆ ಪ್ರಾಂತದೊಳಗಿನ ಕಿರುವಿಭಾಗವೊಂದು ಆಗಲೇ ಪ್ರಾಂತಾಧಿಕಾರಿಯ ಕುಟುಂಬದ ಕೈಗೆ ಬಂದಿತ್ತು.

ಬಂಕೆಯನ ಏಳಿಗೆಯ ಕಾರಣವನ್ನು ಶಕ 782ರ (860) ಕೊಣ್ಣೂರು ಶಾಸನ ವಿವರಿಸುತ್ತದೆ. ತಾಮ್ರಶಾಸನವೊಂದರ ಪಾಠವನ್ನು ಮುಂದಿನ ಕಾಲದಲ್ಲಿ ಕಲ್ಲಿನ ಮೇಲೆ ಪ್ರತಿ ಮಾಡಿಸಿದ ದಾಖಲೆ ಇದಾದ್ದರಿಂದ ಇದರ ವಿವರಗಳನ್ನು ಎಚ್ಚರದಿಂದಲೇ ಬಳಸಬೇಕು. ಗಂಗವಾಡಿಯ ಮೇಲೆ ದಂಡೆತ್ತಿ ಹೋದ ಬಂಕೆಯನು ಕೇದಳದ ಕೋಟೆಯನ್ನು ವಶಪಡಿಸಿಕೊಂಡು, ಇಂದಿನ ಮೈಸೂರು ಜಿಲ್ಲೆಯ ತಲಕಾಡಿನ ಒಡೆಯನನ್ನು ಓಡಿಸಿ, ಕಾವೇರಿಯನ್ನು ದಾಟಿ ಮುನ್ನಡೆದನೆಂದು ಅದು ಹೇಳುತ್ತದೆ. ಅಷ್ಟರಲ್ಲಿ ರಾಜಧಾನಿಯಲ್ಲಿ ಒಳದಂಗೆಯೆದ್ದು, ರಾಜಪುತ್ರನೇ ವಿರೋಧಿಗಳ ಪಕ್ಷ ಸೇರಿದುದರಿಂದ ಅರಸನು ಅವನನ್ನು ಹಿಂದಕ್ಕೆ ಕರೆಸಿಕೊಂಡನು. ವೈರಿಗಳನ್ನು ಅಡಗಿಸದಿದ್ದರೆ ಅಗ್ನಿಪ್ರವೇಶ ಮಾಡುವುದಾಗಿ ಪ್ರತಿಜ್ಞೆ ಮಾಡಿ ಬಂಕೆಯನು ಮರಳಿದನು.

ಇಲ್ಲಿ ಗಮನಿಸಬೇಕಾದ ಹಿನ್ನೆಲೆಯೊಂದಿದೆ. ಹಿಂದಿನ ತಲೆಮಾರಿನಲ್ಲಿ ಗಂಗವಾಡಿಯ ಆಡಳಿತವನ್ನು ರಾಜಕುಮಾರ ಸ್ತಂಭನಿಗೆ ವಹಿಸಲಾಗಿತ್ತು. ಅವನೇ ತಮ್ಮನಾದ ಮೂರನೆಯ ಗೋವಿಂದನ ವಿರುದ್ಧ ಬಂಡೆದ್ದನು. ರಕ್ತಸಂಬಂಧಿಗೆ ಸಿಂಹಾಸನದ ಹಕ್ಕಿತ್ತು. ಮುಕುಲ ಕುಲದ ಬಂಕೆಯನಿಗೆ ಅದಿರಲಿಲ್ಲ. ಆದ್ದರಿಂದ ಅವನ ಸ್ವಾಮಿನಿಷ್ಠೆಯ ವರ್ಣನೆಯನ್ನು ಕೇವಲ ಪ್ರಶಸ್ತಿಯ ಅತಿಶಯೋಕ್ತಿಯೆಂದು ತಳ್ಳಿಹಾಕಲಾಗದು. ದಾಯಾದ್ಯದ ಭೀತಿಯಲ್ಲಿದ್ದ ಅರಸನಿಗೆ ಇಂತಹ ನಿಷ್ಠೆ ರಾಜಕೀಯ ಅಗತ್ಯವಾಗಿತ್ತು.

ಈ ಅಧಿಕಾರಕ್ಕೆ ಮಿತಿಯೂ ಇತ್ತು. ಕೊಳನೂರಿನಲ್ಲಿ ತಾನು ಕಟ್ಟಿಸಿದ ಬಸದಿಗಾಗಿ ಬಂಕೆಯನು ಅರಸನಲ್ಲಿ ಬಿನ್ನವಿಸಿಕೊಂಡನು. ತಲೆಯೂರು ಗ್ರಾಮವನ್ನು ದತ್ತಿಯಾಗಿ ನೀಡಿದವನು ಅಮೋಘವರ್ಷನೇ. ವಿಶಾಲ ಪ್ರಾಂತವನ್ನಾಳುತ್ತಿದ್ದವನೂ ಈ ಗ್ರಾಮದಾನಕ್ಕೆ ಅರಸನ ಮೊರೆಹೊಕ್ಕನೆಂಬುದು ಭೂಮಿಯ ಮೇಲಿನ ಪರಮಾಧಿಕಾರ ಎಲ್ಲಿತ್ತೆಂಬುದನ್ನು ಸೂಚಿಸುತ್ತದೆ.

ಆದರೆ ಈ ಸಮತೋಲನ ಸ್ಥಿರವಾಗಿ ಉಳಿಯುವಂತಹುದಾಗಿರಲಿಲ್ಲ. ಗುಣಭದ್ರನ ‘ಉತ್ತರಪುರಾಣ’ದ ಪ್ರಶಸ್ತಿಯ ಪ್ರಕಾರ ಶಕ 820ರಲ್ಲಿ (898) ಬಂಕೆಯನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಬಂಕಾಪುರದಿಂದ ಆಳುತ್ತಿದ್ದನು. ಆ ಪಟ್ಟಣದ ಹೆಸರೇ ಬಂಕೆಯನದು. ವ್ಯಕ್ತಿನಿಷ್ಠೆಗೆ ದೊರೆತ ಪದವಿ ವಂಶದ ಹಕ್ಕಾಗಿ ಮಾರ್ಪಟ್ಟಿತ್ತು. ಇತ್ತ ಗಂಗವಾಡಿಯಲ್ಲಿ ಅಮೋಘವರ್ಷನು ಅನುಸರಿಸಿದ ಮಾರ್ಗ ಬೇರೆ: ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ವಿವಾಹ ಮಾಡಿಕೊಟ್ಟು ಅವನು ಸೌಹಾರ್ದವನ್ನು ಸಂಪಾದಿಸಿದನು.

ಹೀಗೆ ಒಬ್ಬನೇ ಅರಸನು ಒಂದು ನಾಡನ್ನು ನಂಬುಗೆಯ ಸೇನಾನಿಯ ಮೂಲಕ, ಮತ್ತೊಂದನ್ನು ನೆಂಟಸ್ತಿಕೆಯ ಮೂಲಕ ತನ್ನ ಅಂಕೆಯಲ್ಲಿರಿಸಿಕೊಂಡನು. ಶಾಸನಗಳ ‘ಆಳುತ್ತಿರೆ’ ಎಂಬ ಮಾತನ್ನು ಅರ್ಥೈಸುವಾಗ ಯಾರು, ಯಾರ ಪರವಾಗಿ, ಯಾವ ಸಂಬಂಧದ ಬಲದಿಂದ ಆಳುತ್ತಿದ್ದರು ಎಂಬ ಪ್ರಶ್ನೆಗಳನ್ನು ಪ್ರತಿ ಸಂದರ್ಭದಲ್ಲಿಯೂ ಕೇಳಬೇಕಾಗುತ್ತದೆ. ‘ಗವರ್ನರ್’ ಎಂಬ ಸಿದ್ಧಪದ ಆ ಪ್ರಶ್ನೆಗಳನ್ನೇ ಮರೆಮಾಡುತ್ತದೆ.