ಗಾಜನ್ನು ಕೊರೆಯುವ ಕಿಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕಬ್ಬಿನ ಹೊಲಗಳೊಡನೆ ಸಕ್ಕರೆಯ ಕಾರ್ಖಾನೆಗಳೂ ಬೆಳೆದಿವೆ. ಯಂತ್ರಗಳಿದ್ದಲ್ಲಿ ಅವನ್ನು ದುರಸ್ತಿ ಮಾಡುವ ವರ್ಕ್‌ಶಾಪುಗಳೂ ಇರಬೇಕಷ್ಟೆ. ಅಲ್ಲಿ ಉಕ್ಕಿನ ತಗಡಿಗೆ ತೂತು ಕೊರೆಯುವುದು ಕೆಲವು ನಿಮಿಷಗಳ ಕೆಲಸ. ಆದರೆ ಗಾಜಿನ ಫಲಕದಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದಾದ ರಂಧ್ರವನ್ನು ಅದೇ ಬೈರಿಗೆಯಿಂದ ಕೊರೆಯಹೊರಟರೆ ಫಲಕವೇ ಸೀಳಿಹೋಗುವುದು. ಇದಕ್ಕೆ ಕಾರಣವೇನು? ಪರಿಹಾರವೇನು?

ಲೋಹಗಳು ಒತ್ತಡಕ್ಕೆ ಮಣಿಯುತ್ತವೆ. ಅಲಗಿನ ಮುಂದೆ ಸುರುಳಿಯಾಗಿ ಸುಲಿದುಬರುತ್ತವೆ. ಗಾಜಾದರೋ ಮಣಿಯಲರಿಯದು. ಅದರ ಮೈಮೇಲಿನ ಸಣ್ಣ ಗೀರೇ ಬಿರುಕಾಗಿ ಓಡುವುದು. ಇಂತಹ ಪೆಡಸಾದ ವಸ್ತುಗಳಿಗೆ ಭಿದುರ ವಸ್ತುಗಳೆಂದು ಹೆಸರು. ಪಿಂಗಾಣಿಯೂ ಸ್ಫಟಿಕಶಿಲೆಯೂ ಈ ಗುಂಪಿಗೇ ಸೇರಿದವು.

ಹಾಗಾದರೆ ಗಾಜನ್ನೇ ಏಕೆ ಕೊರೆಯಬೇಕು? ಗಾಜು ಪಾರದರ್ಶಕ, ಹೆಚ್ಚಿನ ಆಮ್ಲಗಳಿಗೂ ಶಾಖಕ್ಕೂ ಜಗ್ಗದು. ಅಂಗೈಯಲ್ಲಿ ಹಿಡಿಸುವ ಗಾಜಿನ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳನ್ನು ಕೆತ್ತಿದರೆ, ಒಂದೇ ಹನಿ ರಕ್ತವನ್ನು ಅವುಗಳಲ್ಲಿ ಹರಿಸಿ ಪರೀಕ್ಷಿಸಬಹುದು. ದೊಡ್ಡ ಪ್ರಯೋಗಾಲಯಗಳಿಂದ ದೂರವಿರುವ ಹಳ್ಳಿಯ ಆಸ್ಪತ್ರೆಗೆ ಇದರಿಂದಾಗುವ ಅನುಕೂಲ ಅಲ್ಪವಲ್ಲ.

ಗಟ್ಟಿಯಾದ ಲೋಹಗಳನ್ನು ಕೊರೆಯಲು ಇನ್ನೊಂದು ಮಾರ್ಗವುಂಟು. 1943ರಲ್ಲಿ ಸೋವಿಯತ್ ರಷ್ಯದ ಲಾಜರೆಂಕೊ ದಂಪತಿಗಳು ವಿದ್ಯುತ್ ಕಿಡಿಯಿಂದಲೇ ಲೋಹವನ್ನು ಸವೆಸುವ ವಿಧಾನವನ್ನು ರೂಪಿಸಿದರು. ಉಪಕರಣಕ್ಕೂ ಲೋಹಕ್ಕೂ ನಡುವೆ ಕಿಡಿ ಹಾರುವುದು. ಪ್ರತಿ ಕಿಡಿಯೂ ಲೋಹದ ಒಂದು ಕಣವನ್ನು ಕರಗಿಸಿ ಕೀಳುವುದು. ಆದರೆ ಕಿಡಿ ಹಾರಬೇಕಾದರೆ ಕೊರೆಯಬೇಕಾದ ವಸ್ತುವೂ ವಿದ್ಯುದ್ವಾಹಕವಾಗಿರಬೇಕು. ಗಾಜು ಅವಾಹಕ. ಆದ್ದರಿಂದ ಈ ದಾರಿಯೂ ಮುಚ್ಚಿತು.

ಗಾಜಿನ ಮೂಲಕ ವಿದ್ಯುತ್ತು ಹರಿಯದಿದ್ದರೇನು? ಗಾಜು ಮುಳುಗಿರುವ ದ್ರವದಲ್ಲಿ ಹರಿಯಬಹುದಲ್ಲವೆ? 1968ರಲ್ಲಿ ಜಪಾನಿನ ಕುರಾಫುಜಿ ಮತ್ತು ಸುಡಾ ಎಂಬವರು ಗಾಜನ್ನು ಕೊರೆದ ರೀತಿ ಇದೇ.

ಏರ್ಪಾಡು ಸರಳವಾದುದು. ಒಂದು ತೊಟ್ಟಿಯಲ್ಲಿ ಕಾಸ್ಟಿಕ್ ಸೋಡದ ದ್ರಾವಣ. ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು ಸೋಡ. ಅದರೊಳಗೆ ಗಾಜಿನ ಫಲಕ. ಫಲಕವನ್ನು ಮುಟ್ಟುವಂತೆ, ಇಲ್ಲವೆ ಮುಟ್ಟುವಷ್ಟು ಸಮೀಪದಲ್ಲಿ, ಒಂದು ಲೋಹದ ಸೂಜಿ, ಇದು ಋಣಧ್ರುವ. ತುಸು ದೂರದಲ್ಲಿ ಸೂಜಿಗಿಂತ ಬಹು ದೊಡ್ಡದಾದ ಲೋಹದ ತಗಡು, ಇದು ಧನಧ್ರುವ. ವಿದ್ಯುತ್ತನ್ನು ಹರಿಸಿದೊಡನೆ ಸೂಜಿಯ ಸುತ್ತ ಜಲಜನಕದ ಗುಳ್ಳೆಗಳು ಏಳುತ್ತವೆ. ಶಾಲೆಯಲ್ಲಿ ನೀರನ್ನು ವಿಭಜಿಸುವ ಪ್ರಯೋಗವನ್ನು ಕಂಡವರಿಗೆ ಇದು ಹೊಸತಲ್ಲ. ಒತ್ತಡವನ್ನು ಸುಮಾರು 30 ವೋಲ್ಟಿಗೆ ಏರಿಸಿದಾಗ ಗುಳ್ಳೆಗಳು ಒಂದರೊಡನೊಂದು ಕೂಡಿ, ಸೂಜಿಯನ್ನೆಲ್ಲ ಅನಿಲದ ಪೊರೆಯೊಂದು ಆವರಿಸುವುದು.

ಕಾದ ರೊಟ್ಟಿಯ ಹಂಚಿನ ಮೇಲೆ ನೀರಿನ ಹನಿ ಬಿದ್ದರೆ ಅದು ತನ್ನದೇ ಆವಿಯ ಪೊರೆಯ ಮೇಲೆ ಹೊರಳಾಡುವುದನ್ನು ನಾವು ನೋಡಿದ್ದೇವೆ. ಅಲ್ಲಿ ಪೊರೆ ಹನಿಯನ್ನು ಹಂಚಿನಿಂದ ಬೇರ್ಪಡಿಸುವಂತೆ ಇಲ್ಲಿ ಸೂಜಿಯನ್ನು ದ್ರಾವಣದಿಂದ ಬೇರ್ಪಡಿಸುವುದು. ವಿದ್ಯುತ್ತಿನ ದಾರಿ ಕಡಿದಂತಾಗಿ, ತೆಳುವಾದ ಆ ಪೊರೆಯನ್ನು ಸೀಳಿಕೊಂಡು ಕಿಡಿಗಳು ಹಾರುತ್ತವೆ.

ಕಿಡಿಯ ಶಾಖ ಗಾಜನ್ನು ಮೆತ್ತಗಾಗಿಸುವುದು. ಕಾದ ಕಾಸ್ಟಿಕ್ ಸೋಡ ಅದನ್ನು ತಿಂದುಹಾಕುವುದು. ಸೋಡವು ಗಾಜಿನ ಸಿಲಿಕದೊಡನೆ ಸೇರಿ ಸೋಡಿಯಂ ಸಿಲಿಕೇಟ್ ಎಂಬ ಕರಗುವ ಲವಣವಾಗುವುದು. ಪ್ರಯೋಗಶಾಲೆಯಲ್ಲಿ ಕಾಸ್ಟಿಕ್ ಸೋಡದ ಸೀಸೆಗೆ ಗಾಜಿನ ಬಿರಡೆಯನ್ನು ಬಿಟ್ಟು ರಬ್ಬರಿನ ಬಿರಡೆಯನ್ನು ಹಾಕುವ ಕಾರಣ ಇದೇ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಇಂಗಿಸುವ ಪಾತ್ರೆಗಳ ಒಳಮೈಗೆ ಕಟ್ಟಿದ ಕಿಟ್ಟವನ್ನು ಬಿಡಿಸಲು ಕುದಿಸುವುದೂ ಇದೇ ಸೋಡವನ್ನು.

ಈ ಕಿಡಿ ಹೊಸದೇನಲ್ಲ. ಫ್ರಾನ್ಸಿನ ಫಿಜೊ ಮತ್ತು ಫೂಕೊ ಇದನ್ನು 1844ರಲ್ಲಿಯೇ ಕಂಡಿದ್ದರು. 1899ರಲ್ಲಿ ಜರ್ಮನಿಯ ವೆನೆಲ್ಟ್ ಎಂಬಾತ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕೂಡಿಸುವ ಸಾಧನವನ್ನು ಇದರಿಂದಲೇ ರಚಿಸಿದನು. ಎಕ್ಸ್-ರೇ ಯಂತ್ರಗಳಲ್ಲಿ ಅದು ಬಳಕೆಗೆ ಬಂದಿತು. ಗಾಜನ್ನು ಕೊರೆಯಲು ಮಾತ್ರ ಕಿಡಿ 124 ವರ್ಷ ಕಾಯಬೇಕಾಯಿತು.

ಆದರೂ ಕೆಲಸ ಇನ್ನೂ ಪೂರ್ಣವಾಗಿಲ್ಲ. ಮೊದಲ 200–300 ಮೈಕ್ರಾನುಗಳವರೆಗೆ ರಂಧ್ರ ಬೇಗಬೇಗನೆ ಇಳಿಯುವುದು. (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನು.) ಆಮೇಲೆ ಇಕ್ಕಟ್ಟಾದ ರಂಧ್ರದ ತಳಕ್ಕೆ ಹೊಸ ದ್ರಾವಣ ಸರಿಯಾಗಿ ಇಳಿಯದು, ವೇಗ ಕುಗ್ಗುವುದು. ಪಕ್ಕಕ್ಕೆ ಹಾರುವ ಕಿಡಿಗಳಿಂದ ರಂಧ್ರದ ಬಾಯಿ ಅಗಲವಾಗುವುದು. ಶಾಖ ಮಿತಿಮೀರಿದರೆ ಗಾಜು ಬಿರಿಯುವುದೂ ಉಂಟು. ಸೂಜಿಯನ್ನು ತಿರುಗಿಸುವುದು, ಕಂಪಿಸುವುದು, ವಿದ್ಯುತ್ತನ್ನು ಬಿಟ್ಟುಬಿಟ್ಟು ಹಾಯಿಸುವುದು – ಇವು ಸಂಶೋಧಕರು ಹುಡುಕಿದ ಉಪಾಯಗಳು. ನಮ್ಮ ದೇಶದಲ್ಲಿ ಕಾನ್ಪುರದ ಐ.ಐ.ಟಿ. ಮತ್ತು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯಗಳಲ್ಲಿ ಈ ಕುರಿತು ಸಾಕಷ್ಟು ಕೆಲಸ ನಡೆದಿದೆ.

ಕಾಸ್ಟಿಕ್ ಸೋಡ ಚರ್ಮವನ್ನೂ ಕಣ್ಣನ್ನೂ ಸುಡುವಂಥದು; ಜಲಜನಕ ಹೊತ್ತಿಕೊಳ್ಳುವಂಥದು. ಆದುದರಿಂದ ಇದನ್ನು ಮನೆಯಲ್ಲಿ ಯಾರೂ ಮಾಡಿನೋಡತಕ್ಕದ್ದಲ್ಲ. ಆದರೆ ಈ ವಿಧಾನಕ್ಕೆ ನಿರ್ವಾತ ಬೇಡ, ಬಹು ವೆಚ್ಚದ ಕೋಣೆ ಬೇಡ. ಮೇಜಿನ ಮೇಲೆ ಹಿಡಿಸುವ ಏರ್ಪಾಡು ಸಾಕು. ಎಂಜಿನಿಯರಿಂಗ್ ಕಾಲೇಜುಗಳು ಇಂದು ಚಿಕ್ಕೋಡಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಇವೆ. ಆಳಕ್ಕಿಳಿದಂತೆ ಸೊರಗುವ ಈ ಕಿಡಿಯನ್ನು ಹದಕ್ಕೆ ತರುವ ಕೆಲಸವನ್ನು ಅಂತಹ ಪ್ರಯೋಗಶಾಲೆಯಲ್ಲಿ, ಬಲ್ಲವರ ಮೇಲ್ವಿಚಾರಣೆಯಲ್ಲಿ, ನಮ್ಮ ವಿದ್ಯಾರ್ಥಿಗಳೂ ಕೈಗೊಳ್ಳಬಹುದು.