ಮೇಕೆದಾಟು: ಮೇಲೆ ಶಾಂತ, ಒಡಲಲ್ಲಿ ಸುಳಿ

ರಾಮನಗರ: ಕನಕಪುರ ತಾಲ್ಲೂಕಿನ ಸಂಗಮ ಮತ್ತು ಮೇಕೆದಾಟು ಬೆಂಗಳೂರಿಗರ ನೆಚ್ಚಿನ ವಾರಾಂತ್ಯದ ತಾಣಗಳು. ನೀರಿಗಿಳಿದ ಯುವಕರನ್ನು ಮತ್ತೆ ಮತ್ತೆ ಬಲಿ ಪಡೆಯುವ ಸ್ಥಳಗಳೆಂಬ ಕುಖ್ಯಾತಿಯೂ ಇವಕ್ಕಿದೆ. 2024ರ ಏಪ್ರಿಲ್ 29ರಂದು ಬೆಂಗಳೂರಿನಿಂದ ವಿಹಾರಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳ ತಂಡದ ಐವರು ಸಂಗಮದ ಬಳಿ ನೀರುಪಾಲಾದರು. ಅದು ಪ್ರವಾಹದ ದಿನವಲ್ಲ, ಕಡು ಬೇಸಿಗೆ. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುವ ಕಾಲ. ನೀರು ಇಳಿದಿರುವಾಗಲೂ ಪ್ರಾಣಹಾನಿ ಸಂಭವಿಸುವುದೇಕೆ? ಇದಕ್ಕೆ ಉತ್ತರ ನದಿಯ ತಳದಲ್ಲಿದೆ.

ನೀರಿನ ಸೆಳೆತ

2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ಜಿಲ್ಲೆಯ ನಾಲ್ಕೂ ಹಳೆಯ ತಾಲ್ಲೂಕುಗಳ ನೀರಿಗೆ ಸಂಗಮದ ನಂಟಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರ ಸೀಮೆಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಣ್ವ ನದಿ ಶಿಂಷೆಯನ್ನು ಕೂಡಿ, ಸಂಗಮಕ್ಕಿಂತ ಮೇಲೆಯೇ ಕಾವೇರಿಯಲ್ಲಿ ಒಂದಾಗುತ್ತದೆ.

ಸಂಗಮದಿಂದ ಸುಮಾರು 4 ಕಿ.ಮೀ. ಕೆಳಗೆ, ವಿಶಾಲವಾಗಿ ಹರಿದು ಬಂದ ಕಾವೇರಿ ಒಮ್ಮೆಲೇ ಕಲ್ಲಿನ ಕಮರಿಯೊಳಗೆ ನುಗ್ಗುತ್ತದೆ. ಹುಲಿ ಬೆನ್ನಟ್ಟಿದಾಗ ಮೇಕೆಯೊಂದು ಇಲ್ಲಿಯೇ ಈ ದಡದಿಂದ ಆ ದಡಕ್ಕೆ ಹಾರಿತೆಂದು ಸ್ಥಳೀಯ ಕಥೆ ಹೇಳುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಕಾಡು, ಹೊಳೆ, ಬಂಡೆ, ತೆಪ್ಪದ ಪಯಣ ಎಲ್ಲವೂ ಒಂದೇ ದಿನದಲ್ಲಿ ಸಿಗುವುದರಿಂದ ಪ್ರವಾಸಿಗರು ಇಲ್ಲಿಗೆ ಸಹಜವಾಗಿಯೇ ಬರುತ್ತಾರೆ. ಬಿಸಿಲಿನಲ್ಲಿ ನಡೆದು ದಣಿದವರಿಗೆ ಮೊಣಕಾಲುದ್ದದ ತಿಳಿನೀರು ಕಂಡರೆ ಇಳಿಯಬೇಕೆನಿಸುತ್ತದೆ. ಅಪಾಯ ಆರಂಭವಾಗುವುದೂ ಅಲ್ಲಿಂದಲೇ.

ತಳದಲ್ಲಿ ಏನಿದೆ?

ಇಲ್ಲಿನ ನದಿಪಾತ್ರ ಮರಳು ಹಾಸಿನ ಸಮತಟ್ಟಲ್ಲ, ಗಟ್ಟಿ ಬಂಡೆ. ಪ್ರವಾಹದ ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ಒಂದೇ ಕಡೆ ಗಿರಗಿರನೆ ತಿರುಗುತ್ತಾ ಸಾವಿರಾರು ವರ್ಷಗಳಿಂದ ಬಂಡೆಯನ್ನು ಕೊರೆದಿವೆ. ಹೀಗೆ ಉಂಟಾದ ಗುಂಡಿಗಳು ಬೇಸಿಗೆಯಲ್ಲಿ ದಡದ ಬಂಡೆಗಳ ಮೇಲೆ ಒರಳಿನಂತೆ ಕಾಣಿಸುತ್ತವೆ. ಅಂಥವೇ ಗುಂಡಿಗಳು ನೀರಿನ ಅಡಿಯಲ್ಲಿಯೂ ಇವೆ. ಮೊಣಕಾಲುದ್ದದ ನೀರಿನಲ್ಲಿ ನಿಂತವನು ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವ ಮಡುವಿಗೆ ಜಾರಬಹುದು. ಹೆಜ್ಜೆ ಹಿಂದೆ ತೆಗೆಯೋಣವೆಂದರೆ ಪಾಚಿ ಕಟ್ಟಿದ ಬಂಡೆಯಲ್ಲಿ ಕಾಲೂರಲು ಆಧಾರವಿರುವುದಿಲ್ಲ.

ಎರಡನೆಯದು ಸೆಳವು. ಅಗಲವಾದ ಹೊಳೆಯ ಅಷ್ಟೂ ನೀರು ಕಿರಿದಾದ ಕಮರಿಯಲ್ಲಿ ಸಾಗಬೇಕಾದರೆ ಅದು ಆಳವಾಗಬೇಕು, ಇಲ್ಲವೇ ವೇಗ ಪಡೆಯಬೇಕು. ಮೇಕೆದಾಟಿನಲ್ಲಿ ಎರಡೂ ಆಗುತ್ತದೆ. ಮೇಲ್ಮೈ ಶಾಂತವಾಗಿ ಕಂಡರೂ ಒಳಗಿನ ಹರಿವು ಬಂಡೆಗೆ ಬಡಿದು ತಿರುಗಿ ಸುಳಿಯಾಗುತ್ತದೆ. ಬಂಡೆಯ ಬುಡವನ್ನು ನೀರು ಕೊರೆದು ಮಾಡಿದ ಪೊಟರೆಗಳಲ್ಲಿ ಸಿಕ್ಕಿಕೊಂಡವರು ಮೇಲೆ ಬರುವುದು ಕಷ್ಟ. ನುರಿತ ಮುಳುಗು ತಜ್ಞರಿಗೂ ಇಂಥ ಕಡೆ ಶವ ಪತ್ತೆ ಮಾಡುವುದು ಸವಾಲಾಗುವುದು ಇದೇ ಕಾರಣಕ್ಕೆ.

ಮಳೆ ಬಾರದೆಯೂ ನೀರು ಏರಬಹುದು. ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ಬಿಟ್ಟ ನೀರು ಹಲವು ಗಂಟೆಗಳ ಬಳಿಕ ಇಲ್ಲಿಗೆ ತಲುಪುತ್ತದೆ. ಸಂಗಮದಲ್ಲಿ ಸುಡುಬಿಸಿಲಿದ್ದರೂ ದೂರದ ಕೊಡಗು, ವಯನಾಡಿನ ಮಳೆ ಹೊಳೆಯನ್ನು ಉಕ್ಕಿಸಬಹುದು.

ಆಳದ ಮೋಹ

ಆಳದ ನೀರಿನ ಆಕರ್ಷಣೆ ಇಲ್ಲಿಗೆ ಮಾತ್ರ ಸೀಮಿತವಲ್ಲ. 1956ರಲ್ಲಿ ಅಮೆರಿಕದ ನಾಂಟುಕೆಟ್ ದ್ವೀಪದ ಸಮೀಪ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿದ ಇಟಲಿಯ ಪ್ರಯಾಣಿಕ ಹಡಗು ‘ಆಂಡ್ರಿಯಾ ಡೋರಿಯಾ’ 70 ಮೀಟರಿಗೂ ಹೆಚ್ಚು ಆಳದಲ್ಲಿದೆ. ಅದನ್ನು ಕಾಣಲು ಮುಳುಗುವುದು ಸಾಹಸಿಗರ ಪಾಲಿಗೆ ಎವರೆಸ್ಟ್ ಏರಿದಂತೆ. ವರ್ಷಗಟ್ಟಲೆ ತರಬೇತಿ, ಆಮ್ಲಜನಕದ ಲೆಕ್ಕಾಚಾರ, ಹಂತ ಹಂತವಾಗಿ ಮೇಲೇರುವ ಶಿಸ್ತು ಇದ್ದೂ ಹತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಪ್ರಾಣ ತೆತ್ತಿದ್ದಾರೆ. ಆದರೆ ಅವರಿಗೆ ತಾವು ಎದುರಿಸುವ ಅಪಾಯದ ಅರಿವಿತ್ತು. ಸಂಗಮದಲ್ಲಿ ನೀರಿಗಿಳಿಯುವ ಹೆಚ್ಚಿನವರಿಗೆ ಆ ಅರಿವೇ ಇರುವುದಿಲ್ಲ.

ದೇಹಬಲ ನೀರಿನಲ್ಲಿ ನೆರವಿಗೆ ಬಾರದು ಎಂಬುದನ್ನು ಇದೇ ಜಿಲ್ಲೆ ಕಂಡಿದೆ. 2016ರ ನವೆಂಬರ್ 7ರಂದು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಮೃತಪಟ್ಟರು. ಕಟ್ಟುಮಸ್ತಾದ ಮೈಕಟ್ಟಿನ ಇಬ್ಬರೂ ಲೈಫ್ ಜಾಕೆಟ್ ಧರಿಸಿರಲಿಲ್ಲ. ಅರ್ಕಾವತಿಯ ಮತ್ತೊಂದು ಜಲಾಶಯವಾದ ಮಂಚನಬೆಲೆಯಲ್ಲಿಯೂ ಪ್ರವಾಸಿಗರು ಮುಳುಗಿದ ಪ್ರಕರಣಗಳು ಪದೇ ಪದೇ ವರದಿಯಾಗಿವೆ.

ಒಬ್ಬರ ಹಿಂದೆ ಮತ್ತೊಬ್ಬರು

ಒಂದೇ ಗುಂಪಿನ ಹಲವರು ಸಾಯುವುದಕ್ಕೆ ಕಾರಣ ಸ್ಪಷ್ಟ. ಒಬ್ಬ ಜಾರಿದೊಡನೆ ಗೆಳೆಯರು ಕೈಚಾಚಿ ಇಳಿಯುತ್ತಾರೆ. ಮುಳುಗುತ್ತಿರುವವನು ಉಸಿರಿಗಾಗಿ ಸಿಕ್ಕವರನ್ನು ಬಿಗಿಯಾಗಿ ಹಿಡಿಯುತ್ತಾನೆ. ರಕ್ಷಿಸಲು ಹೋದವನೂ ಅವನೊಂದಿಗೆ ಮಡುವಿಗೆ ಬೀಳುತ್ತಾನೆ. ಮುಳುಗುವವರು ಸಿನಿಮಾದಲ್ಲಿ ಕಾಣುವಂತೆ ಕೂಗಿ ಕರೆಯುವುದೂ ಅಪರೂಪ. ಉಸಿರಾಡಲೇ ಆಗದವನಿಗೆ ಕೂಗಲು ಶಕ್ತಿ ಇರದು. ಆದ್ದರಿಂದ ಪಕ್ಕದಲ್ಲಿದ್ದವರಿಗೇ ತಡವಾಗಿ ತಿಳಿಯುತ್ತದೆ.

ಇಂಥ ಸಂದರ್ಭದಲ್ಲಿ ನೀರಿಗಿಳಿಯದೆ ದಡದಿಂದಲೇ ಹಗ್ಗ, ಉದ್ದನೆಯ ಕೋಲು, ಗಂಟು ಹಾಕಿದ ಸೀರೆ ಅಥವಾ ದುಪಟ್ಟಾ ನೀಡಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೂ ಆಸರೆಯಾದೀತು. ತೆಪ್ಪದವರನ್ನು ಕೂಗಿ ಕರೆಯಬೇಕು, 112ಕ್ಕೆ ಕರೆ ಮಾಡಬೇಕು. ಸೆಳವಿಗೆ ಸಿಕ್ಕವರು ಪ್ರವಾಹದ ವಿರುದ್ಧ ಈಜದೆ, ಅಂಗಾತ ತೇಲುತ್ತಾ, ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ, ಓರೆಯಾಗಿ ದಡದತ್ತ ಸಾಗಲು ಯತ್ನಿಸಬೇಕು. ಮೇಲೆತ್ತಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತಿ ನೀರು ಹೊರಹಾಕುವ ರೂಢಿ ತಪ್ಪು. ಅದರಲ್ಲಿ ಅಮೂಲ್ಯ ಕ್ಷಣಗಳು ವ್ಯರ್ಥವಾಗುತ್ತವೆ. ಉಸಿರು ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯನ್ನು ಒತ್ತಲು ಆರಂಭಿಸಬೇಕು.

ಇವೆಲ್ಲಕ್ಕಿಂತ ಸುಲಭದ ಮಾರ್ಗ ದಡದಲ್ಲಿಯೇ ನಿಲ್ಲುವುದು. ಮದ್ಯ ಸೇವಿಸಿ ಹೊಳೆಯ ಬಳಿ ಹೋಗಬಾರದು. ನಿಷೇಧದ ಫಲಕ ಮೀರಬಾರದು. ಸೆಲ್ಫಿಗಾಗಿ ಕಮರಿಯ ಅಂಚಿನ ಜಾರುಬಂಡೆ ಏರಬಾರದು. ತೆಪ್ಪ ಹತ್ತುವ ಮುನ್ನ ಲೈಫ್ ಜಾಕೆಟ್ ಕೇಳಿ ಧರಿಸಬೇಕು. ಮೇಕೆದಾಟಿನ ಕಮರಿ, ಅದರ ಭೋರ್ಗರೆತ, ಶತಮಾನಗಳ ಕೊರೆತದಿಂದ ಒರಳಾದ ಬಂಡೆಗಳು ಎಲ್ಲವೂ ದಡದಿಂದಲೇ ಚೆನ್ನಾಗಿ ಕಾಣುತ್ತವೆ.